ಕನ್ನಡ ಸಿನಿಮಾದ ಕೆಳಗೆ ಕನ್ನಡ ಅಕ್ಷರ ಯಾಕಿಲ್ಲ?



ಸಂವಿಧಾನದ 15(2)ನೇ ವಿಧಿಯನ್ನ ನಾವು ಸಭೆಗಳಲ್ಲಿ ಬಾಯಿಪಾಠದ ಹಾಗೆ ಹೇಳ್ತೀವಿ. ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆ. ಅದೇ ಪಟ್ಟಿಯಲ್ಲಿ ಸಾರ್ವಜನಿಕ ಮನರಂಜನೆಯ ಸ್ಥಳಗಳೂ ಇವೆ. ಅನ್ನ ನೀರು ದಾರಿ ಮಾತ್ರ ಅಲ್ಲ, ನಾಟಕ ಸಿನಿಮಾ ನೋಡಿ ನಗೋದು ಅಳೋದೂ ಹಕ್ಕೇ ಅಂತ ಬರೆದಿಟ್ಟರು. ಆದರೆ ಆ ವಿಧಿ ಹೇಳೋದು ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳದ ಹೆಸರಲ್ಲಿ ತಡೆಯೋದರ ಬಗ್ಗೆ. ಕಿವಿ ಕೇಳದವರನ್ನ ಬಾಗಿಲಲ್ಲಿ ಯಾರೂ ತಡೆಯಲ್ಲ. ಒಳಗೆ ಕೂರಿಸಿಯೇ ಹೊರಗಿಡ್ತಾರೆ.

ಅಮೃತಾಪುರದಲ್ಲಿ ನಮ್ಮಕ್ಕನ ಮಗ ಇದಾನೆ. ಹುಟ್ಟಿನಿಂದ ಕಿವಿ ಕೇಳಿಸಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದ. ಕನ್ನಡ ಪೇಪರ್ ಓದ್ತಾನೆ, ವಾಟ್ಸಾಪಲ್ಲಿ ನನಗಿಂತ ಬೇಗ ಕನ್ನಡ ಟೈಪ್ ಮಾಡ್ತಾನೆ. ಇಂಗ್ಲಿಷ್ ಬರಲ್ಲ. ಮನೇಲಿ ಎಲ್ಲರೂ ಕೂತು ಹೊಸ ಕನ್ನಡ ಸಿನಿಮಾ ಹಾಕಿದರೆ ಕೆಳಗೆ ಬರೋದು ಇಂಗ್ಲಿಷ್ ಅಕ್ಷರ. ಸೆಟ್ಟಿಂಗ್ಸ್ ಒಳಗೆ ಹುಡುಕಿದರೆ ಎರಡೇ ಆಯ್ಕೆ: ಇಂಗ್ಲಿಷ್, ಇಲ್ಲಾಂದ್ರೆ ಆಫ್. ಎಲ್ಲರೂ ನಕ್ಕ ಮೇಲೆ ಅಕ್ಕ ಕೈಸನ್ನೆಯಲ್ಲಿ ಹೇಳ್ತಾಳೆ, ಆಮೇಲೆ ಅವನು ನಗ್ತಾನೆ. ಅಷ್ಟೊತ್ತಿಗೆ ಮುಂದಿನ ಸೀನ್ ಶುರುವಾಗಿರುತ್ತೆ. ಊರಲ್ಲಿ ಅವನ ಹೆಸರು ಬಿಟ್ಟು 'ಮೂಗ' ಅಂತ ಕರೆಯೋರಿದ್ದಾರೆ. ಜಾತಿ ಹಿಡಿದು ಕರೆಸಿಕೊಂಡ ನಮಗೆ ಆ ನೋವನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆ ಇಂಗ್ಲಿಷ್ ಅಕ್ಷರ ಯಾರಿಗೋಸ್ಕರ? ಕನ್ನಡ ಬಾರದ, ಕಿವಿ ಕೇಳುವ ಪ್ರೇಕ್ಷಕನಿಗೆ. ಮಾರ್ಕೆಟ್ ಇದೆ, ಹಾಕ್ತಾರೆ. ಕನ್ನಡ ಓದಬಲ್ಲ, ಕಿವಿ ಕೇಳದ ಕನ್ನಡಿಗನ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಶ್ರವಣದೋಷ ಇರುವವರು 50 ಲಕ್ಷಕ್ಕೂ ಹೆಚ್ಚು, ನಮ್ಮ ರಾಜ್ಯದಲ್ಲೇ ಎರಡು ಲಕ್ಷಕ್ಕೂ ಹೆಚ್ಚು. ಕನ್ನಡ ಕನ್ನಡ ಅಂತ ಶಾಲು ಹಾಕ್ಕೊಂಡು ಓಡಾಡೋರಿಗೆ ಇವರೂ ಕನ್ನಡಿಗರು ಅನ್ನೋದು ನೆನಪಿಗೆ ಬಂದ ಹಾಗಿಲ್ಲ.

ಸಬ್‌ಟೈಟಲ್ ಬೇರೆ, ಕ್ಲೋಸ್ಡ್ ಕ್ಯಾಪ್ಷನ್ ಬೇರೆ. ಸಬ್‌ಟೈಟಲ್‌ನಲ್ಲಿ ಮಾತು ಮಾತ್ರ ಬರುತ್ತೆ. ಕ್ಯಾಪ್ಷನ್‌ನಲ್ಲಿ ಯಾರು ಮಾತಾಡಿದ್ರು, ಹಿಂದೆ ಏನು ಸದ್ದಾಯ್ತು ಅನ್ನೋದೂ ಬರುತ್ತೆ. ಬೇಕಾದವರು ಆನ್ ಮಾಡ್ಕೋಬಹುದು, ಬೇಡದವರು ಆಫ್. ಬಿ.ವಿ. ಕಾರಂತರ 'ಚೋಮನ ದುಡಿ' (1975) ತಗೊಳ್ಳಿ. ಉಳೋಕೆ ತುಂಡು ಭೂಮಿ ಕೇಳಿದ ನಮ್ಮವನ ಕಥೆ. ಅವನ ಸಿಟ್ಟು, ಸಂಕಟ ಎಲ್ಲಾ ದುಡಿಯ ಬಡಿತದಲ್ಲೇ ಇದೆ. ಬರೀ ಮಾತು ಬರೆದು ದುಡಿ ಸದ್ದು ಬರೆಯದೆ ಬಿಟ್ಟರೆ, ಕಿವಿ ಕೇಳದ ದಲಿತ ಹುಡುಗನಿಗೆ ಆ ಚೋಮ ಅರ್ಧವೂ ಸಿಗಲ್ಲ. ನಮ್ಮೂರ ಅಮೃತೇಶ್ವರ ಗುಡಿ ಗೋಡೆಯ ಮೇಲೆ 1196ರ ಕಾಲಕ್ಕೇ ರಾಮಾಯಣ, ಮಹಾಭಾರತ ಕೆತ್ತಿದ್ದಾರೆ, ಕಣ್ಣಿದ್ದರೆ ಸಾಕು ಕಥೆ ತಿಳಿಯುತ್ತೆ. (ಆಗ ಹತ್ತಿರ ಹೋಗಿ ನೋಡೋಕೆ ಯಾರಿಗೆ ಬಿಡ್ತಿದ್ರು ಅನ್ನೋದು ಬೇರೆ ಮಾತು.)

ಕಾನೂನು ಇಲ್ಲ ಅನ್ನೋಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಮಿನಲ್ಲಿ ಕ್ಯಾಪ್ಷನ್ ಮಾತು ನೇರವಾಗಿಯೇ ಇದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್, 'ಪಠಾಣ್' ಸಿನಿಮಾ ಓಟಿಟಿಗೆ ಬರುವಾಗ ಹಿಂದಿ ಕ್ಯಾಪ್ಷನ್ ಇರಬೇಕು ಅಂತ ಆದೇಶ ಮಾಡ್ತು. ಹಿಂದಿ ಸಿನಿಮಾಕ್ಕೆ ಹಿಂದಿ, ಗಮನಿಸಿ. 2024ರ ಮಾರ್ಚ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗೆ ಮಾರ್ಗಸೂಚಿ ಹೊರಡಿಸಿತು, 2025ರ ಅಕ್ಟೋಬರ್‌ನಲ್ಲಿ ಓಟಿಟಿಗಳಿಗೂ ಕರಡು ತಂತು. ಆಫೀಸಲ್ಲಿ ಕಡತ ಹೊತ್ತವನು ನಾನು, ಕೇಳೋರು ಇಲ್ಲದಿದ್ದರೆ ಮಾರ್ಗಸೂಚಿ ಎಷ್ಟು ದಿನ ಬೀರುವಿನಲ್ಲಿ ಮಲಗುತ್ತೆ ಅಂತ ಗೊತ್ತು. ಅಮೆರಿಕದಲ್ಲೂ ಕಂಪನಿಗಳು ಪ್ರೀತಿಯಿಂದ ಕೊಡಲಿಲ್ಲ. ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ನೆಟ್‌ಫ್ಲಿಕ್ಸ್ ಮೇಲೆ ಕೇಸ್ ಹಾಕಿ, 2012ರಲ್ಲಿ ಒಪ್ಪಂದಕ್ಕೆ ಎಳೆದು ತಂದು, 2014ರೊಳಗೆ ಎಲ್ಲದಕ್ಕೂ ಕ್ಯಾಪ್ಷನ್ ಹಾಕಿಸುವಂತೆ ಮಾಡಿಕೊಂಡಿತು.

ಖರ್ಚು ಅಂತಾರೆ. ಡಬ್ಬಿಂಗ್‌ಗೆ ಬರೆದ ಸಂಭಾಷಣೆ ನಿರ್ಮಾಪಕರ ಕೈಯಲ್ಲೇ ಇರುತ್ತೆ. ಯಾವ ಸೆಕೆಂಡಿಗೆ ಯಾವ ಸಾಲು ಅನ್ನೋದನ್ನ ಇಂಗ್ಲಿಷ್‌ನವರು ಆಗಲೇ ಗುರುತು ಹಾಕಿರ್ತಾರೆ. ಅದೇ ಜಾಗಕ್ಕೆ ಕನ್ನಡ ಕೂರಿಸಿ, ಸದ್ದುಗಳನ್ನ ಸೇರಿಸಬೇಕು. ಕೋಟಿಗಟ್ಟಲೆ ಸುರಿಯೋರಿಗೆ ಇದು ಭಾರವಾ?

ಲಾಭ ಕಿವುಡರಿಗೆ ಮಾತ್ರವೂ ಅಲ್ಲ. 1990ರ ದಶಕದ ಕೊನೆಯಲ್ಲಿ ಬ್ರಿಜ್ ಕೊಠಾರಿಯವರ ತಂಡ ಗುಜರಾತಿನ ದೂರದರ್ಶನದಲ್ಲಿ ಹಾಡಿನ ಕೆಳಗೆ ಅದೇ ಭಾಷೆಯ ಅಕ್ಷರ ಹಾಕಿಸಿತು, ಓದು ಅರ್ಧಕ್ಕೆ ಬಿಟ್ಟವರು ನೋಡ್ತಾ ನೋಡ್ತಾ ಓದು ಗಟ್ಟಿ ಮಾಡಿಕೊಳ್ಳಲಿ ಅಂತ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದ ಅಮ್ಮಂದಿರು ಯಾರ ಕೇರಿಯಲ್ಲಿ ಹೆಚ್ಚಿದ್ದಾರೆ, ಯೋಚನೆ ಮಾಡಿ.

2025ರ ಮಾರ್ಚ್ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡ ಸಿನಿಮಾಗೆ ಸರ್ಕಾರದ್ದೇ ಓಟಿಟಿ ಮಾಡ್ತೀವಿ ಅಂದರು, ಟಿಕೆಟ್‌ಗೆ 200 ರೂಪಾಯಿ ಮಿತಿ ಅಂದರು. 200ರ ಬಗ್ಗೆ ಎಷ್ಟು ಚರ್ಚೆ ಆಯ್ತು! ಕ್ಯಾಪ್ಷನ್ ಬಗ್ಗೆ ಒಂದು ಮಾತಿಲ್ಲ. ನಮ್ಮ ಬೇಡಿಕೆ ಎರಡೇ ಇರಲಿ. ಸರ್ಕಾರಿ ಓಟಿಟಿಯಲ್ಲಿ ಮೊದಲ ದಿನದಿಂದ ಎಲ್ಲ ಸಿನಿಮಾಕ್ಕೂ ಕನ್ನಡ ಕ್ಯಾಪ್ಷನ್. ಕನ್ನಡ ಕ್ಯಾಪ್ಷನ್ ಇಲ್ಲದ ಸಿನಿಮಾಕ್ಕೆ ರಾಜ್ಯದ ಸಹಾಯಧನ ಇಲ್ಲ.

ಮನವಿಯ ಕರಡು ಟೈಪ್ ಮಾಡಿ ಇಟ್ಟಿದ್ದೀನಿ, ಒಂದೂವರೆ ಪುಟ. ಕಡೂರು, ತರೀಕೆರೆ, ಅಜ್ಜಂಪುರದ ಸಂಗಾತಿಗಳು ನಿಮ್ಮ ಸಂಘಟನೆಯ ಲೆಟರ್‌ಹೆಡ್‌ನಲ್ಲಿ ಹಾಕಿ ತಹಶೀಲ್ದಾರರ ಮೂಲಕ ಸರ್ಕಾರಕ್ಕೆ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು ಮರೀಬೇಡಿ. ಕೊಡೋಕೆ ಹೋಗುವಾಗ ನಿಮ್ಮೂರಿನ ಕಿವುಡ ಗೆಳೆಯರನ್ನೂ ಕರ್ಕೊಂಡು ಹೋಗಿ, ಮುಂದೆ ಅವರೇ ನಿಲ್ಲಲಿ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೀನಿ.