ತಾಳೆ ನೋಡುವ ವಿದ್ಯೆ

ಬದಿಯಡ್ಕದಲ್ಲಾಗಲಿ ಪೆರ್ಲದಲ್ಲಾಗಲಿ ಅಡಕೆ ವ್ಯಾಪಾರಿ ಗೋಣಿಯ ತೂಕವನ್ನಷ್ಟೇ ನೋಡಿ ಬೆಲೆ ಹೇಳುವುದಿಲ್ಲ. ಗೋಣಿಯೊಳಗೆ ಕೈಯಿಟ್ಟು ನಾಲ್ಕು ಅಡಕೆ ತೆಗೆದು, ಕತ್ತರಿಸಿ ಒಳಗನ್ನು ನೋಡುತ್ತಾನೆ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರ್ಪಡಿಸುತ್ತಾನೆ. ಮಾರುವ ಕೃಷಿಕನಿಗೂ ಇದು ತಿಳಿದ ಸಂಗತಿಯೇ. ಆದರೆ ಅದೇ ಕೃಷಿಕನ ಮನೆಯ ಹುಡುಗ ರಾತ್ರಿ ಮೊಬೈಲಿನಲ್ಲಿ ಷೇರು ಕೊಳ್ಳುವಾಗ ಈ ಕುಲಪದ್ಧತಿ ಮರೆತುಹೋಗುತ್ತದೆ. ಬೆಲೆ ಏರುತ್ತಿದೆಯೆಂಬುದೂ ಯಾರೋ ವಾಟ್ಸಾಪಿನಲ್ಲಿ ಹೆಸರು ಸೂಚಿಸಿದರೆಂಬುದೂ ಅವನಿಗೆ ಸಾಕಾಗುತ್ತವೆ. ಹೋಗುವುದು ಗಲ್ಫಿನಿಂದ ಅಣ್ಣ ಕಳುಹಿಸಿದ ಹಣ, ಇಲ್ಲವೇ ತೋಟದ ಹಣ.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಇಂತಹ ಪ್ರಸಂಗದಲ್ಲಿ 'ನಮಗೆ ಲೆಕ್ಕ ಬಾರದು' ಎಂದು ಹಿಂದೆ ಸರಿಯುವುದುಂಟು. ಈ ಸಂಕೋಚಕ್ಕೆ ಆಧಾರವಿಲ್ಲ. ಬೇಕಾದ ಲೆಕ್ಕ ಏಳನೆಯ ತರಗತಿಯದು, ಉಳಿದದ್ದು ಓದು. ಕರ್ನಾಟಕದ ಸಹಕಾರಿ ಸಂಘಗಳು ಆಸ್ತಿ-ಹೊಣೆಗಳ ಪಟ್ಟಿಯನ್ನು 'ಅಢಾವೆ ಪತ್ರಿಕೆ' ಎನ್ನುತ್ತವೆ. ಮರಾಠಿಯ 'ಆಢಾವಾ' ಎಂದರೆ ಪರಾಮರ್ಶೆ. ಮರಾಠಿಗರು ಮಾತ್ರ ಅದೇ ಪತ್ರವನ್ನು 'ತಾಳೇಬಂದ' ಎಂದು ಕರೆಯುತ್ತಾರೆ. ಅದರಲ್ಲಿ ಅಡಗಿರುವ 'ತಾಳಾ' ನಮ್ಮ 'ತಾಳೆ'ಯೇ. ಗ್ರಂಥಸಂಪಾದನೆಯ ಪಾಠದಲ್ಲಿ ಓಲೆಪ್ರತಿಗಳನ್ನು ತಾಳೆ ನೋಡುವುದನ್ನು ಕಲಿತವರಿಗೆ ಕಂಪನಿಯ ವಾರ್ಷಿಕ ವರದಿ ಪರಕೀಯವಾಗಬೇಕಾಗಿಲ್ಲ. ಒಂದು ಪ್ರತಿಯ ಪಾಠವನ್ನೇ ನಂಬಿ ಕಾವ್ಯವನ್ನು ನಿರ್ಣಯಿಸಬಾರದೆಂಬ ನಿಯಮ ಇಲ್ಲಿಯೂ ಸಲ್ಲುತ್ತದೆ.

ಹೆಚ್ಚು ಜನ ಮಾರುಹೋಗುವ ಅಂಕಿ ಎಂದರೆ ಷೇರುದಾರರ ಬಂಡವಾಳದ ಮೇಲಿನ ಪ್ರತಿಫಲ. ನೂರು ಲಕ್ಷ ರೂಪಾಯಿ ಹೂಡಿದ ಒಂದು ಉದ್ಯಮ ವರ್ಷಕ್ಕೆ 15 ಲಕ್ಷ ಗಳಿಸುತ್ತದೆಯೆಂದು ಭಾವಿಸೋಣ. ಹಣವೆಲ್ಲ ಸ್ವಂತದ್ದಾದರೆ ಪ್ರತಿಫಲ ಶೇ. 15. ಅದೇ ಉದ್ಯಮದಲ್ಲಿ ಸ್ವಂತದ್ದು 40 ಲಕ್ಷವಾಗಿ, ಉಳಿದ 60 ಲಕ್ಷ ಶೇ. 10ರ ಬಡ್ಡಿಯ ಸಾಲವಾದರೆ, 6 ಲಕ್ಷ ಬಡ್ಡಿ ಕಳೆದು 9 ಲಕ್ಷ ಉಳಿಯುತ್ತದೆ. ತೆರಿಗೆಯನ್ನು ಬದಿಗಿಟ್ಟರೆ ಪ್ರತಿಫಲ ಶೇ. 22.5 ಆಗುತ್ತದೆ. ಯಂತ್ರ ಅದೇ, ಸರಕು ಅದೇ, ಕೆಲಸಗಾರರು ಅವರೇ. ಗುಣ ಹೆಚ್ಚಲಿಲ್ಲ, ಅಪಾಯ ಹೆಚ್ಚಿತು; ಅಂಕಿ ಮಾತ್ರ ಹೊಳೆಯಿತು. ಆದುದರಿಂದ ಈ ಅಂಕಿಯನ್ನು ಸಾಲದ ಪ್ರಮಾಣದೊಡನೆ ಓದದವನು ಅರ್ಧ ಪದ್ಯವನ್ನು ಓದಿದಂತೆ.

ಪ್ರಕಾರ ಬದಲಾದರೆ ಮಾನದಂಡವೂ ಬದಲಾಗಬೇಕು. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕು ಷೇರುಪೇಟೆಯಲ್ಲಿರುವ ಸಂಸ್ಥೆ. ಕಾರ್ಖಾನೆಯನ್ನು ಅಳೆಯುವ ಸಾಲದ ಅನುಪಾತದಿಂದ ಇಂತಹ ಬ್ಯಾಂಕನ್ನು ಅಳೆದರೆ ಅದು ಸಾಲದಲ್ಲಿ ಮುಳುಗಿದಂತೆ ಕಾಣುತ್ತದೆ, ಏಕೆಂದರೆ ಜನರ ಠೇವಣಿಯೆಲ್ಲ ಅದರ ಪಾಲಿಗೆ ಹೊಣೆಯೇ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಕೊಟ್ಟ ಸಾಲದಲ್ಲಿ ವಸೂಲಾಗದೆ ನಿಂತದ್ದೆಷ್ಟು, ನಷ್ಟ ತಾಳಲು ಸ್ವಂತ ಬಂಡವಾಳ ಎಷ್ಟಿದೆ, ಕಡಿಮೆ ಬಡ್ಡಿಯ ಉಳಿತಾಯ ಮತ್ತು ಚಾಲ್ತಿ ಖಾತೆಗಳ ಪಾಲು ಎಷ್ಟು.

ಅಂಕಿಗಳು ನಿಜ ನುಡಿದರೂ ಓದುಗರು ಕಿವಿಗೊಡದ ನಿದರ್ಶನ ಬೆಂಗಳೂರಿನದು. 2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್ ಒಂದು ವರ್ಷವೂ ಲಾಭ ತೋರಿಸಲಿಲ್ಲ. ಅದು ಗುಟ್ಟೇನೂ ಆಗಿರಲಿಲ್ಲ, ವರದಿಯಲ್ಲಿ ಅಚ್ಚಾಗಿತ್ತು. ಆದರೂ 2011ರಲ್ಲಿ ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು ಪೇಟೆಯ ಬೆಲೆಗಿಂತ ಹೆಚ್ಚಿನ ದರಕ್ಕೆ ಷೇರಾಗಿ ಪರಿವರ್ತಿಸಿಕೊಂಡವು. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. ಲೆಕ್ಕ ಬಲ್ಲವರೆನಿಸಿದವರೇ ಹೆಸರಿನ ಬೆಡಗಿಗೆ ಸೋತಮೇಲೆ ಸಾಮಾನ್ಯರನ್ನು ದೂರುವುದು ನ್ಯಾಯವಲ್ಲ.

ಇದಕ್ಕಿಂತ ಕಠಿಣವಾದುದು ಹೈದರಾಬಾದಿನ ಸತ್ಯಂ ಕಂಪನಿಯ ಪ್ರಕರಣ; ಅಲ್ಲಿ ಅಂಕಿಗಳೇ ಸುಳ್ಳಾಡಿದವು. 2008ರ ಸೆಪ್ಟೆಂಬರಿಗೆ ಮುಗಿದ ತ್ರೈಮಾಸಿಕದಲ್ಲಿ ಆದಾಯ 2,700 ಕೋಟಿ ರೂಪಾಯಿ, ಕಾರ್ಯಾಚರಣೆಯ ಲಾಭ 649 ಕೋಟಿ ಎಂದು ಕಂಪನಿ ತೋರಿಸಿತ್ತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ ನಿಜವಾದ ಆದಾಯ 2,112 ಕೋಟಿ, ಲಾಭ ಬರೇ 61 ಕೋಟಿ. ಪುಸ್ತಕದಲ್ಲಿದ್ದ 5,361 ಕೋಟಿ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ. ಲಾಭವನ್ನು ನಗದಿನೊಡನೆ ತಾಳೆ ನೋಡಿ ಎಂಬುದು ಬಲ್ಲವರ ಉಪದೇಶ. ಲಾಭ ಬೆಳೆಯುತ್ತಿದ್ದರೂ ವರ್ಷವರ್ಷವೂ ನಗದು ಬಾರದಿದ್ದರೆ ಸಂಶಯಪಡಬೇಕು. ಒಳ್ಳೆಯ ಉಪದೇಶವೇ. ಆದರೆ ಸತ್ಯಂನಲ್ಲಿ ನಗದೂ ಕಲ್ಪಿತವಾಗಿತ್ತು. ಎರಡು ಪ್ರತಿಗಳೂ ಒಂದೇ ಕೈಯ ಬರವಣಿಗೆಯಾದಾಗ ಅವೆರಡು ಹೊಂದಿದರೂ ಫಲವೇನು?

ಆಗ ಅಂಕಿಯಾಚೆಗಿನ ನಡೆಯನ್ನು ನೋಡಬೇಕಾಗುತ್ತದೆ. ಕಂಪನಿಯಲ್ಲಿ ಪ್ರವರ್ತಕರ ಪಾಲು ಶೇ. 10ಕ್ಕಿಂತ ಕೆಳಗಿಳಿದಿತ್ತು. 2008ರ ಡಿಸೆಂಬರಿನಲ್ಲಿ ಅದೇ ಕುಟುಂಬದ ಮೇಟಾಸ್ ಸಂಸ್ಥೆಗಳನ್ನು ಸತ್ಯಂನ ಹಣದಿಂದ ಕೊಳ್ಳಲು ಹೊರಟು, ಹೂಡಿಕೆದಾರರು ಸಿಡಿದೆದ್ದಾಗ ಕೆಲವೇ ಗಂಟೆಗಳಲ್ಲಿ ಹಿಂದೆಗೆದರು. ಅದೇ ವರ್ಷ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಅದಕ್ಕೆ ಸಂದಿತ್ತು! ಸಾಹಿತ್ಯದ ಪ್ರಶಸ್ತಿಗಳ ಚರ್ಚೆ ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಹಾಗೆಂದು ಅಂಕಿಗಳನ್ನೇ ತಿರಸ್ಕರಿಸುವುದು ಇನ್ನೊಂದು ಬಗೆಯ ಸೋಮಾರಿತನ. ಮಂಜೇಶ್ವರದ ಗೋವಿಂದ ಪೈಗಳು ಶಾಸನದ ತಿಥಿ ತಪ್ಪಿರಬಹುದೆಂದು ಕಾಲನಿರ್ಣಯವನ್ನೇ ಕೈಬಿಡಲಿಲ್ಲ. ಸತ್ಯಂಗಳು ವಿರಳ, ಸಾಲ ಹೆಚ್ಚುತ್ತ ನಗದು ಬತ್ತುತ್ತ ಹೋಗುವ ಸಾಧಾರಣ ಕಂಪನಿಗಳೇ ಹೆಚ್ಚು, ಅವುಗಳ ಕಥೆ ವರದಿಯಲ್ಲೇ ಬರೆದಿರುತ್ತದೆ. ಆ ವರದಿ ಷೇರುಪೇಟೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಮನೆಯ ಹಿರಿಯರು 'ಆ ಕಂಪನಿ ಹೇಗುಂಟು ಮಗಾ?' ಎಂದು ಕೇಳುವುದು ಕನ್ನಡದಲ್ಲಿ. ನಡುವೆ ನಿಂತು ಉತ್ತರಿಸಬಲ್ಲವರು ಎರಡೂ ಭಾಷೆಗಳನ್ನು ಓದುವ ಈ ವಿದ್ಯಾರ್ಥಿಗಳೇ. ಗ್ರಂಥಸಂಪಾದನೆಯ ಒಂದು ತರಗತಿಯನ್ನು ಇದಕ್ಕೆ ಮೀಸಲಿಡಬಹುದು. ಒಂದು ಕಂಪನಿಯ ಐದು ವರ್ಷಗಳ ನಿವ್ವಳ ಲಾಭ, ಕಾರ್ಯಾಚರಣೆಯಿಂದ ಬಂದ ನಗದು, ಒಟ್ಟು ಸಾಲ, ಈ ಮೂರು ಸಾಲುಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಲು ಒಂದು ಹಾಳೆ ಸಾಕು.