ಹಸಿ ಡೆಕ್ಕಿನ ಮೇಲೆ ಹೊಸ ತೇಪೆ ಬೇಡ

ಫೈಬರ್ ದೋಣಿಗೆ ಕುಂಬು ಹಿಡಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮರದ ದೋಣಿಯ ಜಾಗಕ್ಕೆ ಫೈಬರ್ ಬಂದದ್ದೇ ಈ ಭರವಸೆಯಿಂದ. ಆದರೆ ಇದು ಅರ್ಧ ಸತ್ಯ ಮಾತ್ರ. ಗಾಜಿನ ನಾರು ಮತ್ತು ರೆಸಿನ್ ಸೇರಿ ಆದ ಹೊರಪದರ ಕೊಳೆಯುವುದಿಲ್ಲ, ನಿಜ. ಜನ ಕಾಲಿಟ್ಟು ನಿಲ್ಲುವ ಡೆಕ್ ಮಾತ್ರ ಅನೇಕ ದೋಣಿಗಳಲ್ಲಿ ಬರೀ ಫೈಬರ್ ಅಲ್ಲ. ಮೇಲೊಂದು, ಕೆಳಗೊಂದು ತೆಳುವಾದ ಫೈಬರ್ ಪದರ, ನಡುವೆ ಪ್ಲೈವುಡ್ ಅಥವಾ ಬಾಲ್ಸಾ ಎಂಬ ಹಗುರ ಮರ. ತೂಕ ಹೆಚ್ಚಿಸದೆ ಗಟ್ಟಿತನ ಕೊಡುವುದು ಆ ನಡುವಿನ ಮರವೇ. ತುಂಗೆ, ಭದ್ರೆಯರ ನೀರನ್ನು ನೆಚ್ಚಿ ಪ್ರವಾಸೋದ್ಯಮ ಬೆಳೆಸಲು ಹೊರಟಿರುವ ಶಿವಮೊಗ್ಗ ಮತ್ತು ಭದ್ರಾವತಿ ಈ ಮರದ ಆರೋಗ್ಯವನ್ನು ಗಂಭೀರವಾಗಿ ನೋಡಬೇಕು. ಡೆಕ್ ದುರಸ್ತಿಯನ್ನು ಮಳೆಗಾಲದ ತುರ್ತು ಕೆಲಸವಾಗಿ ಅಲ್ಲ, ಬೇಸಿಗೆಯ ಕಡ್ಡಾಯ ಕೆಲಸವಾಗಿ ನಡೆಸಬೇಕು ಎಂಬುದು ನನ್ನ ವಾದ.

ನೀರು ಒಳಹೋಗುವ ದಾರಿ ಬಹಳ ಸಣ್ಣದು. ಸೀಟು, ಕಂಬಿ, ಹಗ್ಗ ಕಟ್ಟುವ ಗೂಟ ಇವನ್ನೆಲ್ಲ ಡೆಕ್ಕಿಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ತೂತಿನ ಸುತ್ತಲಿನ ಸೀಲೆಂಟ್ ಬಿಸಿಲಿಗೆ ಒಣಗಿ ಬಿರಿದರೆ ಮಳೆನೀರು ನೇರ ಮರಕ್ಕೆ ಇಳಿಯುತ್ತದೆ. ಮೇಲೂ ಕೆಳಗೂ ಫೈಬರ್ ಮುಚ್ಚಿರುವುದರಿಂದ ಒಳಗೆ ಹೋದ ನೀರಿಗೆ ಆರಿಹೋಗಲು ದಾರಿಯಿಲ್ಲ. ಮರ ಮೆತ್ತಗಾಗುತ್ತದೆ, ಪದರ ಬಿಟ್ಟುಕೊಳ್ಳುತ್ತದೆ, ಕಾಲಿಟ್ಟ ಕಡೆ ಡೆಕ್ ತಗ್ಗುತ್ತದೆ. ಇದನ್ನು ಪತ್ತೆಹಚ್ಚಲು ದುಬಾರಿ ಯಂತ್ರವೇ ಬೇಕೆಂದಿಲ್ಲ: ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೆಟ್ಟ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಕೆಟ್ಟ ಭಾಗದ ಮೇಲ್ಪದರ ಕತ್ತರಿಸಿ ತೆಗೆಯಬೇಕು. ಕುಂಬು ಹಿಡಿದ ಮರವನ್ನು ಪೂರ್ತಿ ಕೆತ್ತಿಹಾಕಬೇಕು, ಏಕೆಂದರೆ ಒಣಗಿದ ಮಾತ್ರಕ್ಕೆ ಅದಕ್ಕೆ ಹಳೆಯ ಬಲ ಮರಳಿ ಬರುವುದಿಲ್ಲ. ನೆನೆದರೂ ಗಟ್ಟಿಯಾಗಿರುವ ಮರವನ್ನು ಬಯಲು ಮಾಡಿ ಚೆನ್ನಾಗಿ ಒಣಗಿಸಬೇಕು. ಆಮೇಲೆ ಹೊಸ ಮರ ಕೂರಿಸಿ, ಅಂಚನ್ನು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಹೊಸ ಪದರ ಹಳೆಯದರ ಮೇಲೆ ಹರಡಿಕೊಳ್ಳುವಂತೆ ಹಾಸಬೇಕು. ಸ್ಕ್ರೂ ತೂತುಗಳನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಮತ್ತೆ ಕೊರೆದರೆ ನೀರು ಮರವನ್ನು ಮುಟ್ಟದು.

ಈ ಇಡೀ ಕೆಲಸದಲ್ಲಿ ಒಣಗಿಸುವುದೇ ನಿರ್ಣಾಯಕ. ಹಸಿ ಮರಕ್ಕೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಮೇಲೆ ಹೊಳೆಯುವ ತೇಪೆ ಒಳಗಿನ ನೀರನ್ನು ಇನ್ನಷ್ಟು ಭದ್ರವಾಗಿ ಬಂಧಿಸಿಡುತ್ತದೆ. ಆರಿದ್ರಾದಿಂದ ಆಶ್ಲೇಷದವರೆಗೆ ಮಳೆ ಹಿಡಿದು ಸುರಿಯುವ ಮಲೆನಾಡಿನ ಅಂಚಿನಲ್ಲಿ ಆ ತಿಂಗಳುಗಳಲ್ಲಿ ಡೆಕ್ ಒಣಗಿಸುತ್ತೇವೆ ಎನ್ನುವುದು ಆಗದ ಮಾತು. ಶಿವರಾತ್ರಿ ಕಳೆದು ಮುಂಗಾರಿನವರೆಗಿನ ಬಿಸಿಲೇ ನಮಗೆ ಸಿಗುವ ಅವಕಾಶ. ದುರಸ್ತಿಯ ಟೆಂಡರು, ಹಣ ಬಿಡುಗಡೆ ಎರಡೂ ಈ ಬಿಸಿಲಿಗೆ ಮುಂಚೆಯೇ ಮುಗಿದಿರಬೇಕು.

ಬೇಸಿಗೆ ರಜೆಯೇ ಪ್ರವಾಸಿಗರ ಕಾಲ, ಆಗ ದೋಣಿ ನಿಲ್ಲಿಸಿದರೆ ಆದಾಯ ಖೋತಾ ಎಂದು ನಿರ್ವಾಹಕರು ಹೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದ್ದರಿಂದಲೇ ಎಲ್ಲ ದೋಣಿಗಳನ್ನೂ ಒಟ್ಟಿಗೆ ಮೇಲೆತ್ತದೆ ಸರದಿಯ ಮೇಲೆ ದುರಸ್ತಿ ಮಾಡಬೇಕು. ಡೆಕ್ ತಪಾಸಣೆ ಮಕ್ಕಳ ಪರೀಕ್ಷೆಗಳ ದಿನಗಳಲ್ಲೇ, ಮಾರ್ಚ್‌ನಲ್ಲಿ, ಶುರುವಾಗಲಿ. ದೋಣಿ ದುರಂತಗಳಿಗೆ ಮಿತಿಮೀರಿದ ಜನ ಕಾರಣವೇ ಹೊರತು ಡೆಕ್ ಅಲ್ಲ ಎನ್ನುವವರೂ ಇದ್ದಾರೆ. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ 22 ಜನರನ್ನು ಬಲಿ ಪಡೆದ ದೋಣಿಯಲ್ಲೂ ಜನ ಮಿತಿಮೀರಿದ್ದರು. ಆದರೆ ನೀರು ಕುಡಿದ ಡೆಕ್ ದೋಣಿಯ ತೂಕವನ್ನೇ ಹೆಚ್ಚಿಸುತ್ತದೆ, ಕಂಬಿ ಹಿಡಿದು ನಿಂತವರ ಕೆಳಗಿನ ಆಧಾರವನ್ನೇ ಸಡಿಲಗೊಳಿಸುತ್ತದೆ. ಒಂದು ಅಪಾಯ ದೊಡ್ಡದೆಂದು ಇನ್ನೊಂದನ್ನು ಕಡೆಗಣಿಸಲಾಗದು. ಹಳೆಯದನ್ನು ಬಿಟ್ಟು ಹೊಸದನ್ನೇ ಕೊಳ್ಳೋಣ ಎಂಬ ವಾದವೂ ನಿಲ್ಲದು: ಗಟ್ಟಿಯಾದ ರೆಸಿನ್ ಅನ್ನು ಕಬ್ಬಿಣದಂತೆ ಕರಗಿಸಿ ಮರುಬಳಸಲಾಗದು, ಬಿಟ್ಟ ದೋಣಿ ದಡದಲ್ಲೇ ಕಸವಾಗಿ ಉಳಿಯುತ್ತದೆ.

ನುರಿತ ಕೈಗಳಿಲ್ಲ ಎಂಬ ಮಾತು ಭದ್ರಾವತಿಗಂತೂ ಒಪ್ಪುವುದಿಲ್ಲ. 1923ರಲ್ಲಿ ಕಬ್ಬಿಣ ಹೊರತೆಗೆಯಲು ಆರಂಭಿಸಿದ ಕಾರ್ಖಾನೆಯ ಸುತ್ತ ಬೆಳೆದ ಊರದು. ಅಳತೆ, ಅಚ್ಚು, ಉಜ್ಜುವ ಕೆಲಸದ ಶಿಸ್ತು ಅಲ್ಲಿನವರಿಗೆ ಹೊಸದಲ್ಲ. ಕರಾವಳಿಯ ಮಲ್ಪೆ, ಮಂಗಳೂರುಗಳಲ್ಲಿ ಫೈಬರ್ ಕೆಲಸ ಬಲ್ಲವರಿದ್ದಾರೆ. ಅವರಿಂದ ಐಟಿಐ ವಿದ್ಯಾರ್ಥಿಗಳಿಗೆ ತರಬೇತಿ ಕೊಡಿಸಿದರೆ ದುರಸ್ತಿಗೆ ಘಟ್ಟ ಇಳಿಯುವ ಖರ್ಚು ತಪ್ಪುತ್ತದೆ, ಯುವಕರಿಗೆ ಕೆಲಸವೂ ಸಿಗುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ನಾವು ಕಂಡಿದ್ದೇವೆ. ಅಂಥ ನೆರೆಯಲ್ಲಿ ಜನರನ್ನು ದಾಟಿಸಲೂ ದೋಣಿ ಬೇಕು; ಇಲ್ಲಿ ಅದು ಬರೀ ವಿಹಾರದ ವಸ್ತುವಲ್ಲ. ಜಿಲ್ಲಾಡಳಿತ ಪ್ರತಿ ದೋಣಿಗೂ ಒಂದು ದಾಖಲೆ ಪುಸ್ತಕ ಇಡಿಸಲಿ: ಯಾವಾಗ ತಟ್ಟಿ ನೋಡಿದರು, ಎಲ್ಲಿ ಹಸಿಯಿತ್ತು, ಎಷ್ಟು ದಿನ ಒಣಗಿಸಿದರು, ಯಾರು ಸಹಿ ಹಾಕಿದರು. ಆ ಸಹಿಯಿಲ್ಲದ ದೋಣಿಗೆ ಮುಂಗಾರು ಕಳೆದ ಮೇಲೆ ಜನರನ್ನು ಹತ್ತಿಸಲು ಅನುಮತಿ ಕೊಡಬಾರದು.