ಗೇಟು ತೆರೆಯಲು ತೀರ್ಪೊಂದೇ ಸಾಲದು

"ಕೋರ್ಟು ಕಚೇರಿ ನಮ್ಮಂಥ ಅಂಗಡಿಯವರಿಗಲ್ಲ ಮೋನೇ" ಅಂತ ಬಾಪ ಹೇಳುತ್ತಿದ್ದರು. 2020ರ ಮಾರ್ಚ್ ಕೊನೆಗೆ ತಲಪಾಡಿ ಗೇಟು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಅವರೇ ಟಿ.ವಿ. ಮುಂದೆ ಕೂತು ಕೋರ್ಟಿನ ಸುದ್ದಿ ಕಾಯುತ್ತಿದ್ದರು. ಮಂಗಳೂರು ಬಂದರಿನ ಸಾಮಾನು ತಡವಾದರೆ ಹೇಗೋ ಸುಧಾರಿಸಬಹುದು. ಆಸ್ಪತ್ರೆ? ಮಂಜೇಶ್ವರ, ಉಪ್ಪಳದವರಿಗೆ ಹೆರಿಗೆಗೂ ಎದೆನೋವಿಗೂ ಮಂಗಳೂರೇ. ಆ ದಿನಗಳಲ್ಲಿ ದಾರಿ ಸಿಗದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ತೀರಿಹೋದರು. ಕನ್ನಡ ಶಾಲೆಯಲ್ಲಿ ಕಲಿತ ನಮಗೆ ಕನ್ನಡ ನಾಡಿನ ಗೇಟೇ ಮುಚ್ಚಿತ್ತು.

ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ರಸ್ತೆ ಮುಚ್ಚಿದ್ದು ಸಂವಿಧಾನದ 19 ಮತ್ತು 21ನೇ ವಿಧಿಗಳ ಉಲ್ಲಂಘನೆ, ಕೇಂದ್ರವೇ ತೆರವು ಮಾಡಿಸಬೇಕು ಎಂದಿತು. ಮರುದಿನ ಗೇಟು ತೆರೆಯಲಿಲ್ಲ. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ಬಿಡಲು ಎರಡೂ ರಾಜ್ಯಗಳು ಒಪ್ಪಿವೆ ಎಂದು ಕೇಂದ್ರ ತಿಳಿಸಿದ ಮೇಲೆ, 7ರಂದು ಪ್ರಕರಣ ಅಲ್ಲಿಗೇ ಮುಗಿಯಿತು.

ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಕಾನೂನಲ್ಲ. ಆದರೆ ಬಾಯ್ಲರಿನ ಸೇಫ್ಟಿ ವಾಲ್ವ್ ಒತ್ತಡ ಏರಿದ ಕೂಡಲೇ ತೆರೆಯಬೇಕು, ವಾರ ಕಳೆದಲ್ಲ. ಜೀವದ ವಿಷಯದ ಆದೇಶದಲ್ಲಿ ಇಷ್ಟು ಗಂಟೆಯೊಳಗೆ ಎಂದಿರಬೇಕು, ಪಾಲಿಸಬೇಕಾದ ಅಧಿಕಾರಿ ಯಾರೆಂದೂ ಇರಬೇಕು. ಹಾಗಂತ ತೀರ್ಪು ವ್ಯರ್ಥ ಅನ್ನಲಾರೆ. ಅದಿಲ್ಲದಿದ್ದರೆ ಆ ಒಪ್ಪಂದವೂ ಆಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಆ ದಿನದ ಪೇಪರ್ ತುಂಡನ್ನು ಬಾಪ ಇನ್ನೂ ಗಲ್ಲಾಪೆಟ್ಟಿಗೆಯಲ್ಲಿಟ್ಟಿದ್ದಾರೆ. ಪುನಃ ಬೇಕಾದೀತು ಅನ್ನುತ್ತಾರೆ.